ಮದ್ದಿನ ಆಟಕ್ಕೆ ಮುಂಚೆ

ವರ್ಲಿನ್ ಹೆನ್‌ಹಾಕನಿಗೆ ಸಿಟ್ಟು ಬಂದಿದೆ ಎಂದು ಯಾರಾದರೂ ಹೊಸಬರು ಹೇಳಿದರೆ ನಮ್ಮೂರಿನವರು ನಗುತ್ತಾರೆ. ಬರುವುದಕ್ಕೆ ಅದು ಹೋಗಿದ್ದಾದರೂ ಯಾವಾಗ? ಕಾಫಿ ಲೋಟದ ಮುಚ್ಚಳ ಸರಿಯಾಗಿ ಕೂರದಿದ್ದರೆ ಸಿಟ್ಟು, ಮುಂದಿನ ಟ್ರಕ್ಕು ಮೆಲ್ಲಗೆ ಹೋದರೆ ಸಿಟ್ಟು, ಮೋಡ ಕವಿದರೆ ಸಿಟ್ಟು, ಬಿಸಿಲು ಬಂದರೆ ಇನ್ನೂ ಸಿಟ್ಟು. ಆಟದ ಅರೀನಾದ ಒಳಗಂತೂ ಕೇಳುವುದೇ ಬೇಡ. ಅಲ್ಲಿ ಸಿಟ್ಟು ಮಾಡಿಕೊಳ್ಳುವುದಕ್ಕೇ ಅವನನ್ನು ಇಟ್ಟುಕೊಂಡಿರುವುದು ಎಂದು ತಂಡದವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ.

ಒಂದು ಕಾಲಕ್ಕೆ ಅವನು ಗೋಲು ಕಾಯುತ್ತಿದ್ದ. ಚಳಿಗಾಲದಲ್ಲಿ ಗಡಿಯಾಚೆಯ ದೊಡ್ಡ ಊರಿನ ತಂಡಕ್ಕೆ ಸಂಬಳದ ಆಟ, ಬೇಸಿಗೆಯಲ್ಲಿ ಗ್ರ್ಯಾಂಡ್ ನದಿ ದಡದ ಈ ನಮ್ಮ ಮೂಲನಿವಾಸಿಗಳ ಊರಿನ ತಂಡಕ್ಕೆ ಪ್ರೀತಿಯ ಆಟ. ಲಕ್ರಾಸ್ ಚೆಂಡು ರಬ್ಬರಿನದಾದರೂ ಕಲ್ಲಿನಷ್ಟು ಗಟ್ಟಿ. ಕೋಲಿನ ಜಾಳಿಗೆಯಿಂದ ಬೀಸಿ ಎಸೆದರೆ ಕಣ್ಣಿಗೆ ಕಾಣುವ ಮೊದಲೇ ಮೈಗೆ ಬಡಿದಿರುತ್ತದೆ. ಅದಕ್ಕೆ ಮೈಯೊಡ್ಡಿ ನಿಲ್ಲುವ ಕೆಲಸವನ್ನು ತಲೆ ನೆಟ್ಟಗಿರುವವರು ಮಾಡುವುದಿಲ್ಲ. ವರ್ಲಿನ್ ಮಾಡಿದ, ಚೆನ್ನಾಗಿ ಮಾಡಿದ. ಗೋಲಿಗೆ ಬೀಗ ಜಡಿದ ಹಾಗೆ ನಿಲ್ಲುತ್ತಾನೆಂದು ಊರಿನವರು ಅವನಿಗೆ ಬೀಗ ಎಂದೇ ಹೆಸರಿಟ್ಟಿದ್ದರು. ಈಗ ಅವನೇ ಈ ತಂಡದ ಕೋಚ್. ಈ ವರ್ಷ ತಂಡ ಸೋತದ್ದು ಕಡಿಮೆ.

ಆ ಗುರುವಾರ ಅಭ್ಯಾಸ ನಡೆದಿತ್ತು. ಗೋಲಿನಲ್ಲಿದ್ದವನು ಡಾಲ್ಟನ್, ಕಬ್ಬಿಣದ ತೊಲೆ ಏರಿಸುವ ಕೆಲಸಕ್ಕೆ ಹೋಗುವ, ಮಗಳೊಬ್ಬಳ ತಂದೆಯಾದ ಗಟ್ಟಿ ಆಳು. ಆರು ವರ್ಷದಿಂದ ಅವನು ವರ್ಲಿನನ ಕೈಕೆಳಗಿನ ಗೋಲ್‌ಕೀಪರ್.

"ಎಡ ಮೊಣಕಾಲು!" ವರ್ಲಿನ್ ಕಿರುಚಿದ. "ಮೊದ್ಲು ಎಡ ಮೊಣಕಾಲು ಬೀಳ್ಬೇಕು ಅಂತ ಎಷ್ಟು ಸಲ ಬಡ್ಕೋಬೇಕೋ ನಿಂಗೆ! ಚೆಂಡು ಬರೋಕೆ ಮುಂಚೆ ಬೀಳ್ಬೇಕು! ಏಳು. ಮತ್ತೆ ಬೀಳು. ಏಳು!"

ಡಾಲ್ಟನ್ ಸಿಮೆಂಟಿನ ನೆಲಕ್ಕೆ ಎಡ ಮೊಣಕಾಲು ಕುಟ್ಟಿ ಎದ್ದ, ಕುಟ್ಟಿ ಎದ್ದ. ಆಗಲೇ ಬಾಗಿಲಲ್ಲಿ ಲುವೆಲ್ಲಾ ಅತ್ತೆ ಬಂದು ನಿಂತಳು. ಅವಳು ವರ್ಲಿನನ ಸೋದರಮಾವ ಎಲ್ಜಿನನ ಹೆಂಡತಿ. ಬೆಂಚಿನ ಮೇಲಿದ್ದ ಒಂದೆರಡು ಮರದ ಕೋಲುಗಳನ್ನು ಹುಡುಗರು ಅವಸರದಲ್ಲಿ ಆಚೆ ಎತ್ತಿಟ್ಟರು. ಮರದ ಕೋಲಿಗೆ ಹೆಂಗಸರ ಕೈ ಸೋಕಬಾರದು ಎಂಬುದು ನಮ್ಮಲ್ಲಿ ಕಟ್ಟಳೆ.

"ಗಂಟಲು ಸ್ವಲ್ಪ ಉಳಿಸ್ಕೊಳೋ," ಅಂದಳು ಅತ್ತೆ. "ಆ ಪುಣ್ಯಾತ್ಮನ ಎಡ ಮೊಣಕಾಲು ಎಲ್ಲಿದೆ ಅಂತ ಈಗ ನದಿಯ ಆಚೆ ದಡದವರಿಗೂ ಗೊತ್ತಾಯ್ತು."

ತಂಡದವರು ಗೊಳ್ಳೆಂದರು. ವರ್ಲಿನ್ ಅವರತ್ತ ತಿರುಗಿ ಒಂದು ನೋಟ ನೋಡಿದ, ನಗು ನಿಂತಿತು.

"ನಿಮ್ಮ ಮಾವ ಆಟ ಕೇಳಿದಾರೆ. ಭಾನುವಾರ ಬೆಳಿಗ್ಗೆ."

ಯಾವ ಆಟ ಎಂದು ಯಾರೂ ಕೇಳಲಿಲ್ಲ. ಚೆಂಡು ಪುಟಿಸುತ್ತಿದ್ದವನೂ ಹಿಡಿದು ನಿಂತ. ಕಾಯಿಲೆ ಬಿದ್ದವನು ಬಾಯಿಬಿಟ್ಟು ಕೇಳಿದರೆ ಊರು ಅವನಿಗಾಗಿ ಆಡುವ ಮದ್ದಿನ ಆಟ ಅದು. ಊರಿನ ಪೂಜೆ, ಸಭೆಗಳು ನಡೆಯುವ ಉದ್ದಮನೆಯ ಹಿಂದಿನ ಬಯಲಲ್ಲಿ, ಮರದ ಕೋಲು ಹಿಡಿದು, ಜಿಂಕೆ ಚರ್ಮದ ಚೆಂಡಿನಿಂದ, ಮುದುಕರು ಹುಡುಗರು ಎಲ್ಲ ಒಟ್ಟಿಗೆ ಆಡುವುದು. ಅದರಲ್ಲಿ ಅಂಪೈರ್ ಇಲ್ಲ, ಟಿಕೆಟ್ ಇಲ್ಲ, ಗೆದ್ದವರು ಬೀಗುವುದಿಲ್ಲ. ಕಟ್ಟುನಿಟ್ಟಿನ ಮಾತು ಒಂದೇ: ಸಿಟ್ಟಿಟ್ಟುಕೊಂಡು ಯಾರೂ ಆ ಬಯಲಿಗೆ ಕಾಲಿಡಬಾರದು. ಇಟ್ಟರೆ ಮದ್ದಿಗೆ ವಿಷ ಬೆರೆಸಿದ ಹಾಗೆ, ಅದು ಹೋಗಿ ತಟ್ಟುವುದು ಕಾಯಿಲೆಯವನಿಗೇ.

"ನೀನೇ ಗೋಲಲ್ಲಿ ನಿಲ್ಬೇಕಂತೆ," ಅಂದಳು ಅತ್ತೆ. "ಬೇರೆ ಯಾರೂ ಬೇಡ್ವಂತೆ."

"ಆಗಲ್ಲ."

"ಯಾಕಾಗಲ್ಲ? ಭಾನುವಾರ ನೀನು ಕಡಿದು ಗುಡ್ಡೆ ಹಾಕೋದು ಏನಿದೆ?"

"ಅತ್ತೆ, ನಂಗೆ ಅವರ ಮೇಲೆ ಸಿಟ್ಟಿದೆ. ನಿಮಗೂ ಗೊತ್ತು. ಸಿಟ್ಟಿಟ್ಕೊಂಡು ಹೋಗಿ ನಿಂತ್ರೆ ಏನಾಗುತ್ತೆ ಅನ್ನೋದೂ ಗೊತ್ತು."

"ಹಾಗಾದ್ರೆ ಬಿಟ್ಟುಬಿಡು ಅದನ್ನ."

"ಅದೇನು ಟೋಪಿನಾ, ತೆಗೆದು ಗೂಟಕ್ಕೆ ಹಾಕೋಕೆ?"

"ಟೋಪಿ ಆದ್ರೂ ಜನ ವಾಸನೆ ಹೊಡೆಯೋಕೆ ಮುಂಚೆ ತೆಗೀತಾರಪ್ಪ," ಅಂದಳು ಅತ್ತೆ. ಆಮೇಲೆ ದನಿ ತಗ್ಗಿಸಿದಳು. "ಡಾಕ್ಟರು ಈಗ ಚಳಿಗಾಲದ ಮಾತೇ ಎತ್ತಲ್ಲ ವರ್ಲಿನ್. ಯೋಚನೆ ಮಾಡು."

ಆ ಸಿಟ್ಟು ಹುಟ್ಟಿದ್ದು ಹದಿನೆಂಟು ವರ್ಷದ ಹಿಂದೆ, ರಾಷ್ಟ್ರೀಯ ಕಪ್ಪಿನ ಕೊನೆಯ ಪಂದ್ಯದಲ್ಲಿ. ಆಗ ಎಲ್ಜಿನ್ ಮಾವ ಕೋಚ್, ವರ್ಲಿನ್ ಗೋಲಿನಲ್ಲಿ. ಅಂಕ ಸಮಸಮ, ಕೊನೆಯ ಭಾಗ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಎಡಗಡೆ ಕೆಳಗಿಂದ ಒಂದು ಚೆಂಡು ನುಸುಳಿ ಒಳಹೋಯಿತು. ಅಂಥವು ಯಾರಿಗಾದರೂ ಹೋಗುತ್ತವೆ. ಆದರೆ ಮಾವ ಆಟ ನಿಲ್ಲಿಸಿ ವರ್ಲಿನನ ಕಡೆ ನೋಡಿದ, ತುಟಿ ಮುಂದೆ ಚಾಚಿ ಬೆಂಚು ತೋರಿಸಿದ. ಅಷ್ಟೇ. ಒಂದು ಮಾತಿಲ್ಲ. ಹಾಲುಗಲ್ಲದ ಬದಲಿ ಗೋಲ್‌ಕೀಪರ್ ಒಳಗೆ ಹೋದ. ತಂಡ ಮತ್ತೆರಡು ಗೋಲು ಹೊಡೆದು ಕಪ್ ಗೆದ್ದುಬಿಟ್ಟಿತು.

ಸೋತಿದ್ದರೆ ವಾಸಿಯಿತ್ತು. ಸೋತಿದ್ದರೆ ಊರೆಲ್ಲ ಮಾವನನ್ನು ಉಗಿಯುತ್ತಿತ್ತು, ವರ್ಲಿನನ ಹೊಟ್ಟೆ ತಣ್ಣಗಾಗುತ್ತಿತ್ತು. ಗೆದ್ದ ಮೇಲೆ ಯಾರ ಹತ್ತಿರ ಏನೆಂದು ಹೇಳಿಕೊಳ್ಳುವುದು? ಎಲ್ಲರೂ ಕುಣಿದರು, ಅವನೂ ಹಲ್ಲು ಕಚ್ಚಿಕೊಂಡು ಕುಣಿದ. ಆ ಚಳಿಗಾಲ ಗಡಿಯಾಚೆಯ ತಂಡದ ಮ್ಯಾನೇಜರ್ ಅವನನ್ನು ಕರೆಸಿ, "ಕಪ್ಪಿನ ಆಟದಲ್ಲಿ ನಿನ್ನ ಸ್ವಂತ ಮಾವನೇ ನಿನ್ನ ನಂಬಲಿಲ್ಲ, ನಾನು ಹೇಗಪ್ಪ ನಂಬ್ಲಿ?" ಎಂದು ಕೈ ಕುಲುಕಿ ಕಳಿಸಿದ. ಆಮೇಲೆ ವರ್ಲಿನ್ ಎಲ್ಲೆಲ್ಲೋ ಬದಲಿಯಾಗಿ ಕೂತ, ಬೆಂಚು ಸವೆಸಿದ, ಕೊನೆಗೆ ಆಟವನ್ನೇ ಬಿಟ್ಟ.

ಯಾಕೆ ತೆಗೆದಿರಿ ಎಂದು ಅವನು ಮಾವನನ್ನು ಯಾವತ್ತೂ ಕೇಳಲಿಲ್ಲ. ನಮ್ಮಲ್ಲಿ ಕುಲ ಬರುವುದು ತಾಯಿಯಿಂದ. ತಾಯಿಯ ತಮ್ಮ ಎಂದರೆ ಅಪ್ಪನಿಗಿಂತ ಒಂದು ಕೈ ಮೇಲು, ಎದುರು ನಿಂತು ಪ್ರಶ್ನೆ ಹಾಕುವ ಹಾಗಿಲ್ಲ. ಮಾವನ ಮನೆಯಲ್ಲೇ ಹಬ್ಬದ ಊಟ ಮಾಡುತ್ತ, ಮಾವನ ಮುಖ ನೋಡದೆ ಅಷ್ಟು ವರ್ಷ ಕಳೆದ. ಆದರೆ ಉತ್ತರ ಬೇಕಿತ್ತಲ್ಲ, ತಾನೇ ಹುಡುಕಿಕೊಂಡ. ಆ ಪಂದ್ಯದ ಟೇಪನ್ನು ಹಾಕಿ ಹಾಕಿ ನೋಡಿದ. ಎಡ ಮೊಣಕಾಲು ತಡವಾಗಿ ಬಿದ್ದಿದೆ, ಮಾವನ ಹದ್ದಿನ ಕಣ್ಣಿಗೆ ಅದು ಬಿದ್ದಿದೆ, ತನಗೇ ಕಾಣದ ಖೋಡಿ ಅವರಿಗೆ ಕಂಡಿದೆ ಎಂದು ತೀರ್ಮಾನಿಸಿದ. ಕೋಚ್ ಆದ ದಿನದಿಂದ ತನ್ನ ಕೈಗೆ ಸಿಕ್ಕ ಪ್ರತಿ ಗೋಲ್‌ಕೀಪರಿನ ಎಡ ಮೊಣಕಾಲಿನ ಬೆನ್ನು ಹತ್ತಿದ.

ಶುಕ್ರವಾರ ಮಧ್ಯಾಹ್ನ ಮಾವನ ಮನೆಗೆ ಹೋದ. ಮಾವ ಜಗುಲಿಯಲ್ಲಿ ಕೂತಿದ್ದ. ಮೂಗಿಗೆ ಆಮ್ಲಜನಕದ ಕೊಳವೆ, ತೊಡೆಯ ಮೇಲೆ ಜೋಳದ ಸೂಪಿನ ಬಟ್ಟಲು. ಅಷ್ಟೆತ್ತರದ ಮನುಷ್ಯ ಅಂಗಿಯೊಳಗೆ ಎಲ್ಲೋ ಕಳೆದುಹೋಗಿದ್ದ.

"ಬಾರೋ ಬೀಗ," ಅಂದ ಮಾವ. "ಆ ಕುರ್ಚಿ ಬೇಡ, ಈ ಕಡೇದು ತಗೋ. ಅದು ನಿನ್ನ ಭಾರ ತಡೆಯಲ್ಲ. ನಾನು ಹೋದ್ಮೇಲೆ ನಿಮ್ಮತ್ತೆಗೆ ಕುರ್ಚಿ ಬೇಕು."

ವರ್ಲಿನ್ ಕೂರಲಿಲ್ಲ. "ಮಾವ, ಒಂದು ಮಾತು ಕೇಳ್ಬೇಕು. ಕಪ್ಪಿನ ಆಟದಲ್ಲಿ ನನ್ನ ಯಾಕೆ ತೆಗೆದ್ರಿ?"

ಮಾವ ಚಮಚ ಬಟ್ಟಲಲ್ಲಿಟ್ಟ. ತಪ್ಪಿಸಿಕೊಳ್ಳಲು ನೋಡಲಿಲ್ಲ, ಅಷ್ಟು ಹೇಳಲೇಬೇಕು.

"ಹೆದರಿಕೆ ಆಯ್ತು."

"ಏನು ಕಂಡ್ರಿ? ಮೊಣಕಾಲು ತಾನೇ? ಎಡಗಡೆದು?"

"ಯಾವ ಮೊಣಕಾಲು?" ಮಾವನ ಮುಖದಲ್ಲಿ ನಿಜವಾಗಿಯೂ ಏನೂ ಇರಲಿಲ್ಲ. "ನೀನು ಚೆನ್ನಾಗೇ ಆಡ್ತಿದ್ದೆ ಕಣೋ. ಗೋಲಾಯ್ತು, ಜನ ಎಲ್ಲ ನನ್ನ ಕಡೆ ತಿರುಗಿದ್ರು. ಏನಾದ್ರೂ ಮಾಡ್ಬೇಕು ಅನ್ನಿಸ್ತು, ಕೈ ಕಟ್ಕೊಂಡು ನಿಲ್ಲೋಕಾಗ್ಲಿಲ್ಲ. ನಿನ್ನ ತೆಗೆದೆ."

"ನನ್ನೇ ಯಾಕೆ?"

ಮಾವ ಉಸಿರು ಕೂಡಿಸಿಕೊಂಡ. "ಬೇರೆಯವರ ಮಗನನ್ನ ತೆಗೆದಿದ್ರೆ ಅವನಿಗೆ, ಅವರಮ್ಮಂಗೆ ಉತ್ತರ ಕೊಡ್ಬೇಕಿತ್ತು. ನೀನು ನನ್ನ ಅಕ್ಕನ ಮಗ. ನಿಂಗೆ ಕೊಡ್ಬೇಕಿರ್ಲಿಲ್ಲ. ತಪ್ಪು ಅಂತ ಅವತ್ತೇ ಗೊತ್ತಾಯ್ತು. ಆದ್ರೆ ಗೆದ್ದುಬಿಟ್ವಲ್ಲೋ. ಗೆದ್ದ ಮೇಲೆ ತಪ್ಪು ಅಂತ ಯಾವನು ಬಾಯಿ ಬಿಡ್ತಾನೆ?"

ವರ್ಲಿನನಿಗೆ ಅಲ್ಲೇ ಆ ಬಟ್ಟಲನ್ನು ಕಿತ್ತು ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಆದರೆ ಎದುರಿಗಿದ್ದವನು ತಾಯಿಯ ತಮ್ಮ, ಅದರ ಮೇಲೆ ಕಾಯಿಲೆಯವನು. ಹಾಗೇ ಮೆಟ್ಟಿಲಿಳಿದ. ಕಂಡ ಬಾಗಿಲನ್ನೆಲ್ಲ ದಡಾರನೆ ಬಡಿಯುವವನು ಅವತ್ತು ಟ್ರಕ್ಕಿನ ಬಾಗಿಲನ್ನು ಸದ್ದಾಗದ ಹಾಗೆ ಹಾಕಿಕೊಂಡ. ಅದನ್ನು ಕಿಟಕಿಯಿಂದ ನೋಡಿದ ಲುವೆಲ್ಲಾ ಅತ್ತೆಗೆ ಭಯವಾಯಿತಂತೆ.

ಖೋಡಿಯೇ ಇರಲಿಲ್ಲ! ಇಲ್ಲದ ಖೋಡಿಯನ್ನು ಅಷ್ಟು ವರ್ಷ ಹುಡುಕಿ, ಕಂಡುಹಿಡಿದು, ಅದಕ್ಕೆ ಹೆಸರಿಟ್ಟು, ಊರಿನ ಗಂಡುಮಕ್ಕಳ ಕಾಲಿಗೆ ಕಟ್ಟಿದ್ದ. ಈ ಯೋಚನೆ ಬಂದದ್ದೇ ಅವನಿಗೆ ಮಾವನ ಮೇಲಿನ ಸಿಟ್ಟು ಇಮ್ಮಡಿಯಾಯಿತು.

ಶನಿವಾರದ ಅಭ್ಯಾಸಕ್ಕೆ ಅದೇ ಮುಖ ಹೊತ್ತು ಬಂದ. ಮೊದಲ ಚೆಂಡು ಡಾಲ್ಟನನ ಎಡಗಡೆ ಕೆಳಗೆ ಬಂತು.

"ಎಡ ಮೊಣ..." ಎಂದು ವರ್ಲಿನನ ಬಾಯಿ ತಾನಾಗಿಯೇ ತೆರೆಯಿತು, ತಾನಾಗಿಯೇ ಮುಚ್ಚಿತು. ಡಾಲ್ಟನ್ ಮಾತ್ರ ಬಿದ್ದಿದ್ದ. ಏಳುವಾಗ ಕಂಬ ಹಿಡಿದುಕೊಂಡು ಎದ್ದ. ಹೀಗೆ ಕಂಬ ಹಿಡಿದು ಏಳುವುದು ಅವನಿಗೆ ಎಂದಿನಿಂದ ಅಭ್ಯಾಸವೋ, ವರ್ಲಿನ್ ನೋಡಿರಲಿಲ್ಲ.

ಅವನು ಸೀಟಿ ಊದಿ ಆಟ ನಿಲ್ಲಿಸಿದ. ಇಡೀ ತಂಡ ಕೇಳುವ ಹಾಗೆಯೇ ಹೇಳಿದ. "ಡಾಲ್ಟನ್, ಆ ಮೊಣಕಾಲಿನ ವಿಷ್ಯ ಮರೆತುಬಿಡು. ನಾನು ಹೇಳಿಕೊಟ್ಟಿದ್ದು ತಪ್ಪು. ಬೇಕಾದಾಗ ಬೀಳು, ಬೇಡವಾದಾಗ ನಿಂತೇ ತಡಿ. ನಿನ್ನ ಆಟದಲ್ಲಿ ಆ ಖೋಡಿ ಇರ್ಲಿಲ್ಲ. ನನ್ನ ಆಟದಲ್ಲೂ ಇರ್ಲಿಲ್ಲ."

ಡಾಲ್ಟನ್ ಮುಖದ ಜಾಲರಿ ಎತ್ತಿದ. "ಏನಂದ್ರಿ?"

ವರ್ಲಿನ್ ಮತ್ತೊಮ್ಮೆ ಹೇಳಿದ. ಮಾವ ಹೇಳಿದ್ದನ್ನೂ ಹೇಳಿದ.

"ತಪ್ಪು," ಅಂದ ಡಾಲ್ಟನ್. "ಆರು ವರ್ಷ ಆದ್ಮೇಲೆ, ತಪ್ಪು." ಕೋಲನ್ನು ನೆಲದ ಮೇಲೆ ಮೆಲ್ಲಗೆ ಮಲಗಿಸಿದ, ಕೈಗವಸನ್ನು ಮಾತ್ರ ಎತ್ತಿ ಗೋಡೆಗೆ ಬೀಸಿದ. "ಡಾಕ್ಟರ ಹತ್ರ ಈ ಕಾಲಿಗೆ ಎರಡು ಸಲ ಚಾಕು ಹಾಕಿಸ್ಕೊಂಡಿದೀನಿ, ಗೊತ್ತಾ ಕೋಚ್? ಮಗಳನ್ನ ಎತ್ಕೊಂಡು ಮಹಡಿ ಹತ್ತೋಕಾಗಲ್ಲ ನಂಗೆ. ಹೋದ್ ಸಲ ಸಂಬಳದ ತಂಡದವರು ಕರೆದಾಗ ಕಾಲು ಕುಂಬಳಕಾಯಿ ಥರ ಊದಿತ್ತು. ಹೋಗೋಕೇ ಆಗ್ಲಿಲ್ಲ. ನಿಮ್ಮ ಹತ್ರ ಹೇಳಿದ್ರೆ ಏನಂದ್ರಿ? ಹೆಣ್ಣಿಗ ಅಂದ್ರಿ!"

"ಅಷ್ಟೊಂದು ನೋವಿದ್ರೆ ಬಾಯಿ ಬಿಟ್ಟು..." ಎಂದು ವರ್ಲಿನ್ ಏರಿದ ದನಿಯಲ್ಲಿ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ. ಬಾಯಿಗೆ ಬಂದ ಬೈಗುಳವನ್ನು ಅರೀನಾದೊಳಗೆ ಅವನು ನುಂಗಿದ್ದು ಅದೇ ಮೊದಲಿರಬೇಕು. "ಬೈ," ಅಂದ. "ಇನ್ನೇನಿದೆ, ಎಲ್ಲಾ ಬೈದುಬಿಡು. ಮನೆಗೆ ತಗೊಂಡು ಹೋಗ್ಬೇಡ. ನಾಳೆ ನೀನೂ ಬಯಲಿಗೆ ಬರ್ಬೇಕಲ್ಲ."

ಡಾಲ್ಟನ್‌ಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಅವನು ಬೈದ. ವರ್ಲಿನನ ಹೊಟ್ಟೆಯಿಂದ ಶುರು ಮಾಡಿ, ಸೀಟಿ, ಟ್ರಕ್ಕು, ಅವನ ಒರಟು ಬಾಯಿ, ಅವನ ಹಳೇ ಟೇಪು, ಯಾವುದನ್ನೂ ಬಿಡಲಿಲ್ಲ. ತಂಡದವರು ಬೂಟಿನ ದಾರ ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿದರು. ವರ್ಲಿನ್ ಗೋಲಿನ ಮುಂದೆ ನಿಂತು ಒಂದೊಂದನ್ನೂ ಮೈಮೇಲೆ ತೆಗೆದುಕೊಂಡ. ಬೈದು ಬೈದು ಡಾಲ್ಟನ್ ಸುಸ್ತಾಗಿ ಗೋಡೆಗೊರಗಿ ಕೂತ, ನೀರು ಕುಡಿದ.

"ನಿಮ್ಮ ಮಾವಂಗೆ ಹಿಂಗೆ ಬೈದ್ರಾ?" ಎಂದು ಕೇಳಿದ.

"ಮಾವನಿಗೆ ಯಾರಾದ್ರೂ ಬೈತಾರೇನೋ?"

"ನಂಗಾದ್ರೆ ಬೈತೀರಿ." ಈಗ ಅವನ ದನಿಯಲ್ಲಿ ಜೋರು ಇರಲಿಲ್ಲ. "ಅವರಿಗೆ ಸೇರ್ಬೇಕಾದ್ದನ್ನೆಲ್ಲ ಆರು ವರ್ಷ ನಂಗೆ ಬೈದ್ರಿ ಕೋಚ್. ಅವರಿಗೇ ಒಂದ್ಸಲ ಬೈದಿದ್ರೆ ನನ್ನ ಕಾಲು ಉಳೀತಿತ್ತು."

ವರ್ಲಿನ್ ಗೋಡೆಯ ಬಳಿ ಬಿದ್ದಿದ್ದ ಕೈಗವಸನ್ನು ಎತ್ತಿ ತಂದು ಅವನ ಪಕ್ಕದಲ್ಲಿಟ್ಟ.

ಭಾನುವಾರ ಬೆಳಿಗ್ಗೆ ಉದ್ದಮನೆಯ ಹಿಂದೆ ಗಂಡಸರೆಲ್ಲ ಸೇರಿದ್ದರು. ಹುಲ್ಲು ಇನ್ನೂ ಒದ್ದೆ. ಬಯಲಿನ ಅಂಚಿನಲ್ಲಿ ಎಲ್ಜಿನ್ ಮಾವ ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತಿದ್ದ, ಪಕ್ಕದಲ್ಲಿ ಲುವೆಲ್ಲಾ ಅತ್ತೆ ಮತ್ತು ಆಮ್ಲಜನಕದ ಸಿಲಿಂಡರು. ಒಬ್ಬನೇ ಗೋಲು ಕಾಯಬೇಕೆಂಬ ಕಟ್ಟಳೆ ಆ ಆಟಕ್ಕಿಲ್ಲ, ಆದರೆ ಕಾಯಿಲೆಯವನು ಕೇಳಿದ ಮೇಲೆ ಇಲ್ಲ ಎನ್ನುವವರು ಯಾರು? ಒಂದು ಕಡೆಯ ಎರಡು ಕಂಬಗಳ ನಡುವೆ ಜಾಗ ಖಾಲಿ ಬಿಟ್ಟಿದ್ದರು. ವರ್ಲಿನ್ ಬಂದ. ಬಯಲಿಗೆ ಇಳಿಯದೆ ಸುತ್ತು ಹಾಕಿ ನೇರ ಕುರ್ಚಿಯ ಮುಂದೆ ಹೋಗಿ ನಿಂತ.

"ಮಾವ, ನಿಮಗೆ ಬೈಯ್ಬೇಕು."

ಅತ್ತೆ ಬಾಯಿ ತೆರೆದಳು. ಮಾವ ಕೈ ಎತ್ತಿ ತಡೆದ.

"ಎಷ್ಟೊತ್ತು ಹಿಡಿಯುತ್ತೆ?"

"ಗೊತ್ತಿಲ್ಲ."

ಮಾವ ಆಟ ನಡೆಸುವ ಹಿರಿಯನ ಕಡೆ ನೋಡಿದ. ಹಿರಿಯ ಸ್ವಲ್ಪ ಯೋಚಿಸಿ, "ಹೊರಗೇ ಮುಗೀಲಿ. ಒಳಗೆ ತರೋದು ಬೇಡ," ಎಂದು ಹುಲ್ಲಿನ ಮೇಲೆ ಕೂತ. ಉಳಿದವರೂ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ವರ್ಲಿನ್ ಶುರು ಮಾಡಿದ. ಮೊದಮೊದಲು ಮಾತು ತಡವರಿಸಿತು, ಅಷ್ಟು ವರ್ಷ ಒಳಗೇ ತಿರುಗಿದ್ದು ಒಮ್ಮೆಗೇ ಬಾಯಿಗೆ ಬರಬೇಡವೇ? ಆಮೇಲೆ ದಾರಿ ಸಿಕ್ಕಿತು. "ತುಟಿ ತೋರಿಸಿದ್ರಿ! ಒಂದು ಮಾತು ಆಡ್ಲಿಲ್ಲ. ನಾಯಿನಾದ್ರೂ ಹಚಾ ಅಂತ ಓಡಿಸ್ತಾರೆ, ನನಗೆ ತುಟಿ! ಅಮ್ಮ ಅಲ್ಲಿ ಕೂತು ನೋಡ್ತಿದ್ಲು. ಮನೆಗೆ ಬಂದು ಅಮ್ಮ ಕೇಳಿದ್ಲು, ಏನು ತಪ್ಪು ಮಾಡ್ದೆ ಮಗಾ ಅಂತ. ಏನು ಹೇಳ್ಲಿ ಅವಳಿಗೆ? ಮಾಡಿದ್ದು ಏನೂ ಇರ್ಲಿಲ್ಲ ಅಂತ ಗೊತ್ತಿದ್ರೆ ಹೇಳ್ತಿದ್ದೆ. ಅವಳು ಸಾಯೋವರೆಗೂ ನಾನು ತಪ್ಪು ಮಾಡಿದೀನಿ ಅಂತಾನೇ ಅಂದ್ಕೊಂಡಿದ್ಲು. ನಿನ್ನ ಅಕ್ಕ! ಅವಳಿಗಾದ್ರೂ ಹೇಳ್ಬಹುದಿತ್ತಲ್ಲ! ಗಡಿಯಾಚೆ ಆ ಮ್ಯಾನೇಜರ್ ನಿನ್ನ ಹೆಸರು ಹೇಳಿ ನನ್ನ ಕಳಿಸಿದ..."

"ಅದು ನಂಗೆ ಗೊತ್ತಿರ್ಲಿಲ್ಲ," ಅಂದ ಮಾವ.

"ನೀನು ಕೇಳ್ಲಿಲ್ಲ!"

"ಕೇಳ್ಲಿಲ್ಲ."

ಮಾವ ಕುರ್ಚಿಯ ಕೈ ಹಿಡಿದು ಸ್ವಲ್ಪ ಮುಂದಕ್ಕೆ ಬಾಗಿದ. ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಬಯಲಿನ ಕಡೆ ದನಿ ಎತ್ತಿದ. "ಕೇಳಿಸ್ಕೊಳ್ರೋ ಎಲ್ಲಾರೂ. ಅವತ್ತು ಇವನು ತಪ್ಪು ಮಾಡಿರ್ಲಿಲ್ಲ. ನಾನು ಹೆದರಿದೆ."

"ಅಷ್ಟಕ್ಕೆ ಮುಗೀತು ಅಂದ್ಕೊಂಡ್ಯಾ?" ಎಂದು ವರ್ಲಿನ್ ಮುಂದುವರಿಸಿದ. ಒಂದು ಮಾತಿಗೆ ತೀರಿಹೋಗುವಂಥ ಸಿಟ್ಟೇ ಅದು? ಡಾಲ್ಟನನ ಕಾಲಿನ ಲೆಕ್ಕವನ್ನೂ ಮಾವನ ತಲೆಗೇ ಕಟ್ಟಿದ, ಆಮೇಲೆ ಅದರಲ್ಲಿ ಮುಕ್ಕಾಲು ತನ್ನದೇ ಎಂದು ಅಷ್ಟೇ ಜೋರಾಗಿ ತನಗೂ ಬೈದುಕೊಂಡ. ಯಾರೋ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಹಂಚಿದರು. ಬಿಸಿಲು ಏರಿ ಹುಲ್ಲು ಒಣಗಿತು. ಯಾರೂ ಅವಸರ ಮಾಡಲಿಲ್ಲ. ಮಾವ ಒಮ್ಮೆಯೂ ಮುಖ ಆಚೆ ತಿರುಗಿಸದೆ ಎಲ್ಲವನ್ನೂ ಕೇಳಿಸಿಕೊಂಡ.

ಕೊನೆಗೆ ವರ್ಲಿನನ ದನಿ ಬಿದ್ದುಹೋಯಿತು.

"ಮುಗೀತಾ?" ಎಂದ ಮಾವ.

ವರ್ಲಿನ್ ಕೀಲಿಕೈ ಕಳೆದುಕೊಂಡವನು ಜೇಬು ತಡವುವ ಹಾಗೆ ತನ್ನೊಳಗೆ ತಡವಿ ನೋಡಿಕೊಂಡ. "ಇಲ್ಲ. ಇನ್ನೊಂದಿದೆ."

"ಹೇಳು."

"ಈಗ ನೀವು ಸಾಯ್ತಿದ್ದೀರಲ್ಲ ಮಾವ. ಅದಕ್ಕೆ."

ಲುವೆಲ್ಲಾ ಅತ್ತೆ ಸೆರಗಿನಂತೆ ಹೊದ್ದಿದ್ದ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಮಾವ ತನ್ನ ಬತ್ತಿದ ಕೈ ಚಾಚಿ ಸೋದರಳಿಯನ ಮೊಣಕೈ ಹಿಡಿದ, ಬಹಳ ಹೊತ್ತು ಬಿಡಲಿಲ್ಲ.

"ಅದಕ್ಕೇ ಅಲ್ವೇನೋ ಆಟ ಕೇಳಿದ್ದು," ಅಂದ. "ಹೋಗು, ನಿಂತ್ಕೊ. ಎಲ್ಲಾರೂ ಕಾಯ್ತಿದಾರೆ."

ಡಾಲ್ಟನ್ ಎದ್ದು ಕುಂಟುತ್ತ ಬಂದು ಒಂದು ಮರದ ಕೋಲನ್ನು ಅವನ ಕೈಗಿಟ್ಟ. ವರ್ಲಿನ್ ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡ. ಬಯಲಿಗಿಳಿದು ಹೋಗಿ ಎರಡು ಕಂಬಗಳ ನಡುವೆ ನಿಂತ.